ಸೋಮವಾರ ರಾತ್ರಿ ಹನ್ನೆರಡೂವರೆ

ಎನ್‌ಕ್ವೈರಿ ಅಕ್ಕನ ಗಂಟಲು ಎಂಥದ್ದೆಂದರೆ, ಆಕೆ ಫೋನಿನಲ್ಲಿ ಗುಟ್ಟು ಹೇಳಿದರೂ ಮೂರನೆಯ ಮೇಜಿನವರೆಗೆ ಕೇಳಿಸುತ್ತಿತ್ತು. ಪಾಪ, ಅದರಲ್ಲಿ ಆಕೆಯ ತಪ್ಪೇನಿಲ್ಲ. ಹತ್ತೊಂಬತ್ತು ವರ್ಷ ಬಸ್ ನಿಲ್ದಾಣದ ವಿಚಾರಣೆ ಕಿಂಡಿಯ ಹಿಂದೆ ಕೂತು, ಮೈಕು ಕೆಟ್ಟ ದಿನಗಳಲ್ಲಿ ಬರೀ ಬಾಯಿಯಿಂದಲೇ ಬಸ್ಸುಗಳನ್ನು ಹೊರಡಿಸಿದ ಹೆಂಗಸು. ಒಂದು ದಿನ ಆ ಕಿಂಡಿಯನ್ನು ಮುಚ್ಚಿ ಅಲ್ಲೊಂದು ಪರದೆ ಇಟ್ಟರು, ಒತ್ತಿದರೆ ಬಸ್ಸಿನ ಸಮಯ ತೋರಿಸುವಂಥದ್ದು. ಅಕ್ಕ ಮೂರು ತಿಂಗಳು ಮನೆಯಲ್ಲಿ ಕೂತು ಗೋಡೆ ನೋಡಿದಳು. ಆಮೇಲೆ, ನಲವತ್ತಾರನೆಯ ವಯಸ್ಸಿನಲ್ಲಿ, ನದಿಗಳಲ್ಲಿ ಪ್ರವಾಸದ ಹಡಗು ನಡೆಸುವ ಕಂಪನಿಯೊಂದಕ್ಕೆ ಅರ್ಜಿ ಹಾಕಿ ಅಲ್ಲಿಯ ವಿಮಾನದ ಮೇಜಿಗೆ ಬಂದು ಕೂತಳು. ಕೆಲಸ ಬದಲಾಯಿತು, ಅಡ್ಡಹೆಸರು ಮಾತ್ರ ಬೆನ್ನು ಬಿಡಲಿಲ್ಲ.

ಹಡಗಿನ ಕಂಪನಿಗೆ ವಿಮಾನದ ಮೇಜು ಯಾಕಪ್ಪಾ ಎಂದು ನೀವು ಕೇಳಬಹುದು. ಸಂದರ್ಶನದ ದಿನ ಆಕೆಯೂ ಕೇಳಿದ್ದಳು. ಹಡಗು ಹತ್ತಬೇಕಾದರೆ ಮೊದಲು ನದಿ ಇರುವ ಊರಿಗೆ ಹೋಗಬೇಕಲ್ಲ? ಆ ವಿಮಾನದ ಟಿಕೆಟನ್ನೂ ನಾವೇ ಮಾಡಿಸಿಕೊಡುತ್ತೇವೆ ಎನ್ನುತ್ತದೆ ಕಂಪನಿ. ನಾವು ಮಾಡಿಸಿದ ವಿಮಾನ ತಡವಾದರೆ ಪ್ರಯಾಣಿಕರನ್ನು ಹಡಗಿಗೆ ಮುಟ್ಟಿಸುವ ಹೊಣೆ ನಮ್ಮದು. ನೀವೇ ಮಾಡಿಸಿಕೊಂಡಿದ್ದರೆ ನಿಮ್ಮ ಪಾಡು ನಿಮಗೆ. ಅಕ್ಕ ಇದನ್ನು ತನ್ನ ಭಾಷೆಯಲ್ಲಿ ಹೇಳುತ್ತಿದ್ದಳು: "ನೀವೇ ಟಿಕೆಟ್ ತಗೊಂಡ್ರೆ ವಿಮಾನದವರು ಹಡಗಿನವರನ್ನ ಕೇಳಿ ಅಂತಾರೆ, ಹಡಗಿನವರು ವಿಮಾನದವರನ್ನ ಕೇಳಿ ಅಂತಾರೆ. ನನ್ನ ಹತ್ರ ತಗೊಂಡ್ರೆ ನಿಮಗೆ ಬಯ್ಯೋಕೆ ಒಂದೇ ಕಿವಿ ಸಾಕು, ಇದೇ ಕಿವಿ." ಕೇಳಿದವರು ನಕ್ಕು ಟಿಕೆಟ್ ಮಾಡಿಸುತ್ತಿದ್ದರು.

ಕೆಲಸದಲ್ಲಿ ಆಕೆ ಮಹಾ ಜಿಗುಟು. ಒಂದು ವಿಮಾನ ಇಳಿದು ಇನ್ನೊಂದು ಹತ್ತಲು ಒಂದೂವರೆ ಗಂಟೆ ಸಾಕು ಎಂದು ಕಂಪ್ಯೂಟರ್ ಹೇಳಿದರೆ ಈಕೆ ಮೂರು ಗಂಟೆ ಇಡುತ್ತಿದ್ದಳು. ಔಷಧಿ ಕೈಚೀಲದಲ್ಲಿರಲಿ, ಕನ್ನಡಕ ಎರಡಿರಲಿ, ಹಡಗಿನ ಫೋನ್ ನಂಬರನ್ನು ಕಾಗದದ ಮೇಲೂ ಬರೆದುಕೊಳ್ಳಿ, ಹೀಗೆ ಪ್ರತಿಯೊಬ್ಬರಿಗೂ ಹತ್ತು ನಿಮಿಷದ ಉಪದೇಶ ಇದ್ದೇ ಇರುತ್ತಿತ್ತು. ಪಕ್ಕದ ಮೇಜಿನಲ್ಲಿ ಹಡಗಿನ ಕೋಣೆ ಹಂಚುವವನೊಬ್ಬ ಕೂರುತ್ತಿದ್ದ. ಯಾರು ಕೇಳಿದರೂ ಬಾಲ್ಕನಿ ಇರುವ ಕೋಣೆಯನ್ನೇ ಮಾರುತ್ತಿದ್ದನಾದ್ದರಿಂದ ಅವನಿಗೆ ಬಾಲ್ಕನಿ ಎಂದೇ ಹೆಸರು. ಅವನು ದಿನಕ್ಕೊಮ್ಮೆಯಾದರೂ ರೇಗಿಸುತ್ತಿದ್ದ: "ಅಕ್ಕಾ, ಅವರು ಪ್ರವಾಸಕ್ಕೆ ಹೋಗ್ತಿರೋದು, ಯುದ್ಧಕ್ಕಲ್ಲ." ಅಕ್ಕನ ಉತ್ತರವೂ ಸಿದ್ಧ: "ನೀನು ಬಾಲ್ಕನಿ ಮಾರ್ಕೋ ತಮ್ಮಾ. ಬಸ್ಸು ತಪ್ಪಿಸಿಕೊಂಡವರ ಮುಖ ನಾನು ನೋಡಿದ್ದೀನಿ, ನೀನು ನೋಡಿಲ್ಲ."

ಇಷ್ಟೆಲ್ಲ ಎಚ್ಚರ ಇದ್ದವಳು ಎಡವಿದ್ದು ಟೇಲರಮ್ಮನ ವಿಷಯದಲ್ಲಿ.

ಟೇಲರಮ್ಮನಿಗೆ ಅರವತ್ತೇಳು. ಅಂಗಡಿ ಸಾಲಿನ ಹಿಂಬದಿಯ ಒಂದು ಕೋಣೆಯಲ್ಲಿ ಒಂದೇ ಹೊಲಿಗೆ ಯಂತ್ರ ಇಟ್ಟುಕೊಂಡು ನಲವತ್ತು ವರ್ಷದಿಂದ ಊರಿನವರ ಬಟ್ಟೆ ಹೊಲಿದಾಕೆ. ವಿಮಾನವನ್ನು ಆಕಾಶದಲ್ಲಿ ಬಿಟ್ಟರೆ ಬೇರೆಲ್ಲೂ ನೋಡಿದವಳಲ್ಲ. ಆಕೆಗೊಬ್ಬಳು ತಂಗಿ, ದೂರದೇಶದಲ್ಲಿ. ಹನ್ನೆರಡು ವರ್ಷವಾಗಿತ್ತು ಒಬ್ಬರನ್ನೊಬ್ಬರು ನೋಡಿ. ಆ ತಂಗಿಗೆ ಕಣ್ಣಿನ ಕಾಯಿಲೆ ಹತ್ತಿಕೊಂಡು, ನೋಟ ಸುತ್ತಲಿಂದ ಮುಚ್ಚುತ್ತಾ ಬಂದು, ಈಗ ನಡುವೆ ಒಂದು ಬಳೆಯಷ್ಟಗಲ ಮಾತ್ರ ಉಳಿದಿತ್ತು. ಅದೂ ಹಗಲಿನಲ್ಲಿ. ದೀಪದ ಬೆಳಕಿನಲ್ಲಿ ಏನೂ ಕಾಣದು, ಫೋನಿನ ಪರದೆ ನೋಡಿದರೆ ಕಣ್ಣಿಗೆ ಚುಚ್ಚುತ್ತದೆ. ಪ್ರವಾಸ ಮುಗಿದ ಮರುದಿನವೇ ಆಪರೇಷನ್ನು. ಉಳಿದದ್ದು ಉಳಿದೀತು, ಇಲ್ಲವೇ ಅದೂ ಹೋದೀತು ಎಂದು ಡಾಕ್ಟರು ಮೊದಲೇ ಹೇಳಿಬಿಟ್ಟಿದ್ದರು.

"ಅದಕ್ಕೇ ಅಂತೆ," ಟೇಲರಮ್ಮ ಮೊದಲ ಸಲ ಫೋನ್ ಮಾಡಿದಾಗ ಹೇಳಿದ್ದಳು. "ಕಣ್ಣಿರೋವಾಗ್ಲೇ ಒಂದ್ಸಲ ನಿನ್ನ ಮುಖ ನೋಡ್ಬೇಕು ಕಣೇ ಅಂತಾಳೆ. ಚಿಕ್ಕಂದಿನಿಂದ ದೋಣಿ ಅಂದ್ರೆ ಹುಚ್ಚು ಅವಳಿಗೆ. ಮೂರು ದಿನ ಹಡಗಲ್ಲಿ ಕೂತು ನದೀನೂ ನೋಡೋಣ, ನಿನ್ನೂ ನೋಡ್ತೀನಿ ಅಂತ ಕೋಣೆ, ಟಿಕೆಟ್ಟು ಎಲ್ಲ ಅವಳೇ ಮಾಡಿಸ್ತಿದಾಳೆ. ನಾನೇನು ನೋಡೋ ಹಾಗಿದೀನಾ ತಾಯಿ?"

ಎನ್‌ಕ್ವೈರಿ ಅಕ್ಕನಿಗೂ ಒಬ್ಬಳು ತಂಗಿ ಇದ್ದಾಳೆ, ಎರಡು ಬೀದಿ ಆಚೆ, ವಾರಕ್ಕೆ ಮೂರು ಸಲ ಜಗಳವಾಡುವಷ್ಟು ಹತ್ತಿರ. ಅವತ್ತಿನಿಂದ ಟೇಲರಮ್ಮನ ಟಿಕೆಟ್ಟು ಆಕೆಯ ಸ್ವಂತ ಮನೆಯ ಕೆಲಸದ ಹಾಗೆ ಆಗಿಹೋಯಿತು. ಒಂದು ದಿನ ಮೊದಲೇ ನದಿಯ ಊರು ತಲುಪಿ, ಹೋಟೆಲಿನಲ್ಲಿ ಒಂದು ರಾತ್ರಿ ದಣಿವಾರಿಸಿಕೊಂಡು, ಮಂಗಳವಾರ ಸಂಜೆ ಐದಕ್ಕೆ ಇಬ್ಬರೂ ಹಡಗು ಹತ್ತುವ ಹಾಗೆ ಗೊತ್ತುಮಾಡಿದಳು. ಟಿಕೆಟ್ಟಿನಲ್ಲಿ ಸ್ಪಷ್ಟವಾಗಿ ಅಚ್ಚಾಗಿತ್ತು: ಸೋಮವಾರ, 00:30.

ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಟೇಲರಮ್ಮನ ಫೋನು ಬಂತು. ಹಿಂದೆ ಹೊಲಿಗೆ ಯಂತ್ರದ ಸದ್ದು.

"ತಾಯಿ, ಒಂದು ಸಣ್ಣ ವಿಷಯ. ಕೈಚೀಲದಲ್ಲಿ ಕತ್ತರಿ ಇಟ್ಕೊಂಡ್ರೆ ಬಿಡ್ತಾರಾ? ಚಿಕ್ಕದೇ, ದಾರ ಕತ್ತರಿಸೋದು."

"ಬಿಡಲ್ಲ ಅಮ್ಮಾ, ದೊಡ್ಡ ಪೆಟ್ಟಿಗೇಲಿ ಹಾಕಿ..." ಎನ್ನುತ್ತಿದ್ದವಳು ನಿಂತಳು. "ಅಮ್ಮಾ, ನೀವು ಎಲ್ಲಿಂದ ಮಾತಾಡ್ತಿದೀರಿ?"

"ಇನ್ನೆಲ್ಲಿಂದ? ಅಂಗಡಿಯಿಂದ. ಇವತ್ತು ರಾತ್ರಿ ಹೊರಡೋದಲ್ವಾ, ಒಂದೆರಡು ಕೆಲಸ ಬಾಕಿ ಇತ್ತು."

ಅಕ್ಕ ಪರದೆ ತೆರೆದು ನೋಡಿದಳು. ಟೇಲರಮ್ಮನ ಹೆಸರಿನ ಮುಂದೆ ಕೆಂಪು ಅಕ್ಷರದಲ್ಲಿ ‘ನೋ ಷೋ’ ಎಂದು ಬಂದಿತ್ತು. ಅಂದರೆ ಪ್ರಯಾಣಿಕರು ಬರಲೇ ಇಲ್ಲ. ಹೋಗುವ ವಿಮಾನಕ್ಕೆ ಬರದಿದ್ದರೆ ಮುಂದಿನ ವಿಮಾನ, ಹಿಂತಿರುಗುವ ಟಿಕೆಟ್ಟು ಎಲ್ಲವನ್ನೂ ಯಂತ್ರ ತಾನೇ ರದ್ದು ಮಾಡಿಬಿಡುತ್ತದೆ. ಅಷ್ಟೂ ರದ್ದಾಗಿತ್ತು. ವಿಮಾನ ಹೋಗಿ ಒಂಬತ್ತೂವರೆ ಗಂಟೆಯಾಗಿತ್ತು.

ಹೇಗೆ ಹೇಳುವುದು? ಹೇಳದೆ ಇರುವುದು ಹೇಗೆ? ಹೇಳಿದಳು. ಸೋಮವಾರ 00:30 ಎಂದರೆ ಭಾನುವಾರ ರಾತ್ರಿ ಮಲಗುವ ಹೊತ್ತು ಕಳೆದ ಮೇಲಿನ ಹನ್ನೆರಡೂವರೆ. ಅಲ್ಲಿ ಹೊಲಿಗೆ ಯಂತ್ರ ನಿಂತಿತು.

"ಹಾಗಾದ್ರೆ ನಾನು ನಿನ್ನೆ ರಾತ್ರಿ ಹೋಗ್ಬೇಕಿತ್ತಾ?" ಟೇಲರಮ್ಮನ ದನಿ ಇಳಿಯಿತು. "ನಿನ್ನೆ ರಾತ್ರಿ ನಾನು ಇಲ್ಲೇ ಕೂತು ಗುಂಡಿ ಹಾಕ್ತಿದ್ದೆ. ಅಯ್ಯೋ ನನ್ನ ಬುದ್ಧಿಗಿಷ್ಟು! ಅವಳು ಅಲ್ಲಿ ಹೋಟೆಲಲ್ಲಿ ಕಾಯ್ತಿರ್ತಾಳೆ. ನೀವು ಸರಿಯಾಗೇ ಹೇಳಿರ್ತೀರಿ, ಈ ಯಂತ್ರದ ಸದ್ದಿನಲ್ಲಿ ನನ್ನ ಕಿವಿ ಎಂದೋ ಕೆಟ್ಟಿದೆ. ನಿಮ್ಮದೇನೂ ತಪ್ಪಿಲ್ಲ ತಾಯಿ."

ಆ ಕೊನೆಯ ಮಾತು ಅಕ್ಕನನ್ನು ಮುಳ್ಳಿನ ಮೇಲೆ ಕೂರಿಸಿತು. ಹತ್ತು ನಿಮಿಷದಲ್ಲಿ ಫೋನ್ ಮಾಡುತ್ತೇನೆ ಎಂದು ಹೇಳಿ ಇಟ್ಟಳು. ಆ ಕಚೇರಿಯಲ್ಲಿ ಆಡಿದ ಪ್ರತಿ ಮಾತೂ ದಾಖಲಾಗುತ್ತದೆ. ಮೂರು ವಾರದ ಹಿಂದಿನ ಕರೆಯನ್ನು ಹುಡುಕಿ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಒತ್ತಿದಳು. ಮೊದಲ ಆರು ನಿಮಿಷ ಬರೀ ಹರಟೆ. ತಂಗಿಗೂ ತನಗೂ ಒಂದೇ ಬಟ್ಟೆಯಲ್ಲಿ ಉದ್ದನೆಯ ನಿಲುವಂಗಿ ಹೊಲಿಯುತ್ತಿರುವ ಕತೆ. ಆಮೇಲೆ ಟೇಲರಮ್ಮನ ದನಿ: "ಸೋಮವಾರ ರಾತ್ರಿ ಅಲ್ವಾ?" ಅದರ ಬೆನ್ನಿಗೇ ಇನ್ನೊಂದು ದನಿ, ಖಚಿತವಾದ ದನಿ: "ಹೂಂ ಅಮ್ಮಾ, ಸೋಮವಾರ ರಾತ್ರಿ ಹನ್ನೆರಡೂವರೆ. ಆರಾಮಾಗಿ ಊಟ ಮುಗಿಸ್ಕೊಂಡು ಒಂಬತ್ತಕ್ಕೆ ಮನೆ ಬಿಡಿ." ಆ ದನಿ ಯಾರದೆಂದು ಅಕ್ಕನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ, ಬಸ್ಸಿನ ಗುಣವೂ ಅಷ್ಟೇ. ಬಸ್ಸಿನವರಿಗೆ ದಿನ ಅಂದರೆ ಮೊದಲ ಬಸ್ಸಿನಿಂದ ಕೊನೆಯ ಬಸ್ಸಿನವರೆಗೆ. ಸೋಮವಾರದ ಪಟ್ಟಿಯಲ್ಲಿ ರಾತ್ರಿ ಹನ್ನೆರಡೂವರೆ ಬಸ್ಸು ಎಂದರೆ ಸೋಮವಾರ ಇಡೀ ಮುಗಿದ ಮೇಲೆ ಹೊರಡುವ ಬಸ್ಸು. ಬೆಳಗಾಗುವವರೆಗೂ ಅಲ್ಲಿ ಸೋಮವಾರವೇ. ವಿಮಾನದವರಿಗೆ ಹಾಗಲ್ಲ, ಗಡಿಯಾರ ಹನ್ನೆರಡು ದಾಟಿತೋ ಹೊಸ ದಿನ. ಈ ವ್ಯತ್ಯಾಸವನ್ನು ಅಕ್ಕ ಕೆಲಸಕ್ಕೆ ಸೇರಿದ ಮೊದಲ ವಾರವೇ ಕಲಿತಿದ್ದಳು. ಆರು ವರ್ಷದಲ್ಲಿ ನೂರಾರು ಜನಕ್ಕೆ "ಭಾನುವಾರ ರಾತ್ರಿ ಮಲಗಬೇಡಿ" ಎಂದು ಬಿಡಿಸಿ ಹೇಳಿದ್ದಳು. ಆದರೆ ಅವತ್ತು ಹರಟೆಯ ಸಲಿಗೆಯಲ್ಲಿ ಬಾಯಿ ತನ್ನ ಪಾಡಿಗೆ ಹಳೆಯ ಕಿಂಡಿಗೆ ಹೋಗಿ ಕೂತುಬಿಟ್ಟಿತ್ತು.

ಇನ್ನೀಗ ಅಕ್ಕನ ಮುಂದೆ ಎರಡು ದಾರಿ. ಟೇಲರಮ್ಮ ತಾನೇ ತಪ್ಪು ಒಪ್ಪಿಕೊಂಡಿದ್ದಾಳೆ. ಟಿಕೆಟ್ಟಿನಲ್ಲಿ ಸರಿಯಾಗಿಯೇ ಅಚ್ಚಾಗಿದೆ. ಆ ದಾಖಲೆಯನ್ನು ಯಾರೂ ಕೇಳುವವರಿಲ್ಲ. ಸುಮ್ಮನಿದ್ದರೆ ಆಕೆಯ ತಲೆ ಉಳಿಯುತ್ತದೆ. ಆದರೆ ಪ್ರಯಾಣಿಕರ ತಪ್ಪಾದರೆ ಕಂಪನಿ ಹೊಸ ಟಿಕೆಟ್ ಕೊಡುವುದಿಲ್ಲ, ಟೇಲರಮ್ಮ ಹೋಗುವುದಿಲ್ಲ, ಆ ತಂಗಿ ಮೂರು ದಿನ ಒಬ್ಬಳೇ ನದಿ ನೋಡಿ ಆಸ್ಪತ್ರೆಗೆ ಹೋಗುತ್ತಾಳೆ. ತಪ್ಪು ನಮ್ಮದು ಎಂದರೆ ಹಡಗಿಗೆ ಮುಟ್ಟಿಸುವ ಹೊಣೆ ಕಂಪನಿಯದು, ಆದರೆ ಅಕ್ಕನ ಕಡತದಲ್ಲಿ ಕಪ್ಪು ಚುಕ್ಕೆ. ಆಕೆಯದು ವರ್ಷ ವರ್ಷಕ್ಕೆ ನವೀಕರಿಸುವ ಕೆಲಸ. ನವೀಕರಣ ಮುಂದಿನ ತಿಂಗಳೇ ಇತ್ತು. ಐವತ್ತೆರಡರಲ್ಲಿ ಇನ್ನೊಂದು ಕೆಲಸ ಹುಡುಕಿಕೊಂಡು ಎಲ್ಲಿಗೆ ಹೋಗುವುದು?

ನೀರು ಕುಡಿಯುವ ನೆಪದಲ್ಲಿ ಎದ್ದು ಹೋಗಿ ಗಂಡನಿಗೆ ಫೋನ್ ಮಾಡಿದಳು. ಆತ ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತನಾದವನು, ಮಾತು ಕಡಿಮೆ.

"ರೀ, ದೊಡ್ಡ ಎಡವಟ್ಟಾಗಿದೆ," ಎಂದು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು.

ಆತ ತನ್ನ ಕಾಲದ ಕತೆಯೊಂದನ್ನು ತೆಗೆದ. "ನಮ್ಮಲ್ಲಿ ಒಬ್ಬ ಡ್ರೈವರ್ ಇದ್ದ. ಬಸ್ಸು ಗೋಡೆಗೆ ಗುದ್ದಿ, ಗೋಡೆ ಅಡ್ಡ ಬಂತು ಸ್ವಾಮಿ ಅಂತಿದ್ದ. ಅವನ ಜೊತೆ ಕೂತು ಟೀ ಕುಡಿಯೋಕೆ ಯಾರಿಗೂ ಇಷ್ಟ ಇರ್ಲಿಲ್ಲ."

"ಕೆಲಸ ಹೋದ್ರೆ?"

"ಹೋದ್ರೆ ಮನೇಲಿ ಕೂಗಾಡ್ಕೊಂಡಿರು. ಈಗೇನು ಕಡಿಮೆ ಕೂಗಾಡ್ತೀಯಾ?"

ಅಕ್ಕನಿಗೆ ಅಳುವಿನ ನಡುವೆಯೂ ನಗು ಬಂತು. ಸೀದಾ ಮ್ಯಾನೇಜರ್ ಕೋಣೆಗೆ ಹೋದಳು.

ಮ್ಯಾನೇಜರ್‌ಗೆ ಕಚೇರಿಯಲ್ಲಿ ಷರತ್ತು ಸಾಹೇಬ ಎಂದು ಹೆಸರು. ಟಿಕೆಟ್ಟಿನ ಹಿಂದೆ ಇರುವೆ ಸಾಲಿನ ಹಾಗೆ ಅಚ್ಚಾಗಿರುವ ನಲವತ್ತೆರಡು ಷರತ್ತುಗಳೂ ಆತನಿಗೆ ಬಾಯಿಪಾಠ. ಕೆಟ್ಟ ಮನುಷ್ಯನಲ್ಲ, ಆದರೆ ಷರತ್ತಿನ ಗೆರೆ ದಾಟಿ ಒಂದು ಹೆಜ್ಜೆ ಇಟ್ಟವನೂ ಅಲ್ಲ.

"ಮೇಡಂ, ಟಿಕೆಟ್ ಓದಿಕೊಳ್ಳೋದು ಪ್ರಯಾಣಿಕರ ಜವಾಬ್ದಾರಿ. ಷರತ್ತು ಹದಿನಾಲ್ಕು," ಎಂದ ಆತ, ತಲೆಯೆತ್ತದೆ.

"ಓದಿದ್ದಾರೆ ಸರ್. ಓದಿ, ಅರ್ಥವಾಗದೆ ನನ್ನನ್ನ ಕೇಳಿದ್ದಾರೆ. ನಾನು ತಪ್ಪು ಹೇಳಿದ್ದೀನಿ. ರೆಕಾರ್ಡಿಂಗ್ ಇದೆ, ಕೇಳಿ."

ಆತ ಈಗ ತಲೆಯೆತ್ತಿದ. ಮೇಜಿನ ಖಾನೆಯಿಂದ ಒಂದು ನಮೂನೆ ತೆಗೆದು ಮುಂದೆ ಇಟ್ಟ. ಅದರಲ್ಲಿ ‘ಕಾರಣ’ ಎಂಬಲ್ಲಿ ಎರಡೇ ಚೌಕ: ಪ್ರಯಾಣಿಕರ ತಪ್ಪು, ಕಂಪನಿಯ ತಪ್ಪು. ಎರಡನೆಯ ಚೌಕಕ್ಕೆ ಆ ಕಚೇರಿಯಲ್ಲಿ ಇದುವರೆಗೆ ಯಾರೂ ಗುರುತು ಹಾಕಿರಲಿಲ್ಲ.

"ಇಲ್ಲಿ ಹಾಕಿದ್ರೆ ಕೆಳಗೆ ನಿಮ್ಮ ಹೆಸರು ಬರೀಬೇಕು. ನಾನು ನಿಮಗೆ ನೋಟೀಸ್ ಕೊಡ್ಬೇಕಾಗುತ್ತೆ. ಯೋಚನೆ ಮಾಡಿ."

"ಯೋಚನೆ ಮಾಡಿಕೊಂಡೇ ಬಂದೆ ಸರ್. ಇವತ್ತು ರಾತ್ರಿಯ ವಿಮಾನದಲ್ಲಿ ಒಂದೇ ಒಂದು ಸೀಟು ಇದೆ. ಹನ್ನೆರಡು ಗಂಟೆಯೊಳಗೆ ಹಿಡೀಬೇಕು," ಎಂದು ಅಕ್ಕ ಎರಡನೆಯ ಚೌಕಕ್ಕೆ ಗುರುತು ಹಾಕಿದಳು.

ಹನ್ನೊಂದೂ ಮುಕ್ಕಾಲಿಗೆ ಸೀಟು ಸಿಕ್ಕಿತು. ಟೇಲರಮ್ಮನಿಗೆ ಫೋನ್ ಮಾಡಿ ಅಕ್ಕ ಮೊದಲು ಹೇಳಿದ್ದು ಟಿಕೆಟ್ಟಿನ ಮಾತಲ್ಲ. "ಅಮ್ಮಾ, ನಿಮ್ಮ ಕಿವಿ ಸರಿಯಾಗೇ ಇದೆ. ಬಾಯಿ ಕೆಟ್ಟಿದ್ದು ನನ್ನದು. ಕ್ಷಮಿಸಿ."

"ಹೋಗ್ಲಿ ಬಿಡಿ ತಾಯಿ," ಎಂದಳು ಟೇಲರಮ್ಮ. "ನಾನೂ ಎಷ್ಟೋ ಜನರ ತೋಳು ಗಿಡ್ಡ ಮಾಡಿದೀನಿ. ಬಿಚ್ಚಿ ಹೊಲಿದ್ರೆ ಆಯ್ತು."

ವಿಮಾನ ಮಂಗಳವಾರ ಮಧ್ಯಾಹ್ನ ಒಂದಕ್ಕೆ ನದಿಯ ಊರಿನಲ್ಲಿ ಇಳಿಯುತ್ತದೆ. ಹಡಗು ಹೊರಡುವುದು ಸಂಜೆ ಐದಕ್ಕೆ. ಪುಣ್ಯಕ್ಕೆ ಎರಡೂ ಊರಿನ ಗಡಿಯಾರ ಒಂದೇ. ಧಾರಾಳ ಸಮಯವಿತ್ತು. ಅಕ್ಕ ಹೋಟೆಲಿಗೆ ಫೋನ್ ಮಾಡಿ ತಂಗಿಗೆ ವಿಷಯ ಮುಟ್ಟಿಸಿದಳು, ಮನೆಗೆ ಹೋಗಿ ಊಟ ಮಾಡಿ, ಗಂಡ ಬಯ್ಯುವವರೆಗೂ ಎಚ್ಚರವಾಗಿ ಕೂತು ಮಲಗಿದಳು.

ಮಂಗಳವಾರ ಬೆಳಿಗ್ಗೆ ಕಚೇರಿಗೆ ಬಂದಾಗ ಮೇಜಿನ ಮೇಲೆ ಎರಡು ಕೆಟ್ಟ ಸುದ್ದಿ ಕಾದಿದ್ದವು. ಒಂದು ಷರತ್ತು ಸಾಹೇಬನ ನೋಟೀಸು, ಮೊಹರು ಒತ್ತಿದ್ದು. ಅದನ್ನು ಓದದೆ ಖಾನೆಗೆ ಹಾಕಿದಳು. ಇನ್ನೊಂದು ಪರದೆಯ ಮೇಲಿತ್ತು. ಟೇಲರಮ್ಮ ಮೊದಲ ವಿಮಾನ ಇಳಿದಿದ್ದಾಳೆ, ಎರಡನೆಯದು ಹೊರಟಿಲ್ಲ. ಆ ಊರಿನ ಮೇಲೆ ಗುಡುಗು ಸಿಡಿಲಿನ ಮಳೆ, ಒಂದು ವಿಮಾನವನ್ನೂ ಮೇಲೆ ಬಿಡುತ್ತಿಲ್ಲ. ಅಕ್ಕ ನಿಮಿಷಕ್ಕೊಮ್ಮೆ ಪರದೆ ಒತ್ತಿದಳು. ಕಡೆಗೆ ಹೊರಡುವ ಸಮಯ ಬಂತು. ಎರಡೂ ಮುಕ್ಕಾಲು ಗಂಟೆ ತಡ. ಇಳಿಯುವುದು ಮೂರೂ ಮುಕ್ಕಾಲು, ತಪಾಸಣೆ ಮುಗಿಸಿ ಹೊರಬರುವುದು ನಾಲ್ಕೂ ಮುಕ್ಕಾಲು. ಅಲ್ಲಿಂದ ಹಡಗುಕಟ್ಟೆಗೆ ಕಾರಿನಲ್ಲಿ ಒಂದೂವರೆ ಗಂಟೆ.

"ಮುಂದೆ ಎಲ್ಲಿ ನಿಲ್ಲುತ್ತೆ ತಮ್ಮಾ?" ಎಂದು ಬಾಲ್ಕನಿಯನ್ನು ಕೇಳಿದಳು.

ಅವನು ಹಡಗಿನ ದಿನಚರಿ ತೆಗೆದು ನೋಡಿದ. ನಗಲಿಲ್ಲ. "ಗುರುವಾರ ರಾತ್ರಿ ಎಂಟಕ್ಕೆ, ಅಕ್ಕಾ. ನಡುವೆ ಪೂರ್ತಿ ಕಣಿವೆ. ಇಳಿಯೋ ಜಾಗ ಇದೆ, ಅಲ್ಲಿಗೆ ಹೋಗೋಕೆ ರಸ್ತೆ ಇಲ್ಲ. ಶುಕ್ರವಾರ ಬೆಳಗಿನ ಜಾವ ಎಲ್ಲರನ್ನೂ ಇಳಿಸ್ತಾರೆ."

ಅಂದರೆ ಅಕ್ಕತಂಗಿ ಸೇರುವುದು ಕತ್ತಲಾದ ಮೇಲೆ, ಇಳಿದೊಡನೆ ತಂಗಿ ಆಸ್ಪತ್ರೆಯ ಊರಿಗೆ ಹೊರಡಬೇಕಾದ್ದರಿಂದ ಬೇರೆಯಾಗುವುದು ಬೆಳಕು ಹರಿಯುವ ಮುಂಚೆ. ದೀಪದ ಬೆಳಕಿನಲ್ಲಿ ಆ ತಂಗಿಗೆ ಏನೂ ಕಾಣುವುದಿಲ್ಲ. ಕೈ ಹಿಡಿದುಕೊಂಡು ಒಂದು ರಾತ್ರಿ ಕೂತು ಎದ್ದು ಹೋಗಬೇಕು. ತಂಗಿಯನ್ನು ದಡದಲ್ಲೇ ನಿಲ್ಲಿಸೋಣವೆಂದರೆ, ಕಣ್ಣಿರುವಾಗ ನೋಡಬೇಕೆಂದು ಆಸೆಪಟ್ಟ ನದಿ ಕೈತಪ್ಪುತ್ತದೆ. ಅಕ್ಕನಿಗೆ ತನ್ನ ಮೇಲೇ ಅಸಹ್ಯ ಹುಟ್ಟಿತು. ಎಲ್ಲ ಒಂದು ಮಾತಿನಿಂದ, ಬಾಯ್ತಪ್ಪಿ ಆಡಿದ ಒಂದೇ ಒಂದು ಮಾತಿನಿಂದ ಆಯಿತಲ್ಲ ಎಂದು ಹಣೆ ಹಣೆ ಬಡಿದುಕೊಂಡಳು. ಆಮೇಲೆ ಕಣ್ಣೊರೆಸಿಕೊಂಡು ಹಡಗಿಗೇ ಫೋನ್ ಮಾಡಿದಳು.

ಹಡಗಿನ ಮೇಲ್ವಿಚಾರಕ ಸಭ್ಯನೇ. "ಒಬ್ಬರಿಗೋಸ್ಕರ ಒಂದೂಕಾಲು ಗಂಟೆ ಕಾಯೋಕಾಗಲ್ಲ ಮೇಡಂ. ತೊಂಬತ್ತು ಜನ ಇದ್ದಾರೆ. ಅದೂ ಅಲ್ದೆ ಏಳಕ್ಕೆ ಲಾಕ್‌ನಲ್ಲಿ ನಮ್ಮ ಸರದಿ. ಅದು ತಪ್ಪಿದ್ರೆ ನಡುರಾತ್ರಿವರೆಗೆ ಅಲ್ಲೇ ನಿಲ್ಬೇಕು."

"ಲಾಕಾ? ಎಲ್ಲಿದೆ ಅದು?"

ಕೆಲಸಕ್ಕೆ ಸೇರಿದ ಹೊಸತರಲ್ಲಿ ಲಾಕ್ ಎಂದರೆ ಬಾಗಿಲಿಗೆ ಹಾಕುವ ಬೀಗವೆಂದೇ ಅಕ್ಕ ತಿಳಿದಿದ್ದಳು. ನದಿಯಲ್ಲಿ ನೀರು ಒಂದು ಕಡೆ ತಗ್ಗು, ಮುಂದೆ ಎತ್ತರ ಇದ್ದರೆ ಹಡಗು ಹತ್ತುವುದು ಹೇಗೆ? ಅದಕ್ಕೆ ಕಲ್ಲಿನ ದೊಡ್ಡ ತೊಟ್ಟಿ ಕಟ್ಟಿರುತ್ತಾರೆ. ಹಡಗು ತಗ್ಗಿನಲ್ಲಿ ತೊಟ್ಟಿಯೊಳಗೆ ಬರುತ್ತದೆ, ಹಿಂದಿನ ಬಾಗಿಲು ಮುಚ್ಚಿ ನೀರು ತುಂಬಿಸುತ್ತಾರೆ, ನೀರಿನ ಜೊತೆ ಹಡಗೂ ಮೇಲೇಳುತ್ತದೆ. ಹಡಗಿನ ಡೆಕ್ಕು, ಅಂದರೆ ಮೇಲಂಗಳ, ತೊಟ್ಟಿಯ ಗೋಡೆಗೆ ಸಮನಾದ ಮೇಲೆ ಮುಂದಿನ ಬಾಗಿಲು ತೆರೆಯುತ್ತಾರೆ.

ಅಕ್ಕ ನಕ್ಷೆ ಬಿಡಿಸಿದಳು. ನದಿ ಗುಡ್ಡವನ್ನು ಬಳಸಿಕೊಂಡು ಸುತ್ತಿ ಬರುತ್ತಿತ್ತು. ಲಾಕ್ ಇರುವುದು ವಿಮಾನ ನಿಲ್ದಾಣದ ಕಡೆಯ ದಡದಲ್ಲಿ. ರಸ್ತೆ ನೇರವಾಗಿತ್ತು, ಒಂದು ಗಂಟೆ ಇಪ್ಪತ್ತು ನಿಮಿಷ. ಅಲ್ಲಿ ಈಗ ಸೂರ್ಯ ಮುಳುಗುವುದು ಏಳೂವರೆಗೆ.

"ಸರ್, ಹಡಗು ಗೋಡೆಗೆ ಸಮ ಬರುತ್ತಲ್ಲ, ಆಗ ಅವರು ಒಂದು ಹೆಜ್ಜೆ ಇಟ್ಟು ಹತ್ತಬಹುದಲ್ಲ?"

"ಅಲ್ಲಿ ಯಾರನ್ನೂ ಹತ್ತಿಸಲ್ಲ ಮೇಡಂ. ಇದೇನು ಬಸ್ಸಾ, ಕೈ ಅಡ್ಡ ಹಾಕಿದ ಕಡೆ ನಿಲ್ಸೋಕೆ?"

"ನಿಲ್ಸಿ ಅಂತ ಯಾರು ಹೇಳಿದ್ರು? ಹೇಗೂ ನಿಂತಿರುತ್ತಲ್ಲ!" ಅಕ್ಕನ ಗಂಟಲು ಮೂರನೆಯ ಮೇಜು ದಾಟಿ ಮ್ಯಾನೇಜರ್ ಕೋಣೆಯವರೆಗೆ ಹೋಯಿತು. ಷರತ್ತು ಸಾಹೇಬ ಹೊರಗೆ ಬಂದ. ಏನೆಂದು ಕೇಳಿದ. ಅಕ್ಕ ಹೇಳಿದಳು. ಆತ ಒಂದು ನಿಮಿಷ ನೆಲ ನೋಡುತ್ತಾ ನಿಂತ. ತುಟಿ ಮಾತ್ರ ಅಲುಗುತ್ತಿತ್ತು, ಬಾಯಿಪಾಠ ಒಪ್ಪಿಸುವವರ ಹಾಗೆ. ಆಮೇಲೆ ಕೈ ಚಾಚಿ ಫೋನ್ ಇಸಿದುಕೊಂಡ.

"ಷರತ್ತು ಮೂವತ್ತೊಂದು ತೆಗೀರಿ," ಎಂದ ಮೇಲ್ವಿಚಾರಕನಿಗೆ. "ಕಂಪನಿಯ ತಪ್ಪಿನಿಂದ ತಡವಾದ ಪ್ರಯಾಣಿಕರನ್ನು ಸುರಕ್ಷಿತವಾದ ಯಾವುದೇ ಸ್ಥಳದಲ್ಲಿ ಹಡಗಿಗೆ ಹತ್ತಿಸತಕ್ಕದ್ದು. ಯಾವುದೇ ಸ್ಥಳ. ಹತ್ತಿಸಬಹುದು ಅಂತಿಲ್ಲ, ಹತ್ತಿಸತಕ್ಕದ್ದು ಅಂತಿದೆ. ಹೌದು, ಕಂಪನಿಯ ತಪ್ಪೇ. ಸಹಿ ಮಾಡಿದ ನಮೂನೆ ನನ್ನ ಹತ್ರ ಇದೆ. ಸುರಕ್ಷಿತವೋ ಅಲ್ವೋ ಅಂತ ಕ್ಯಾಪ್ಟನ್‌ನ ಕೇಳಿ, ಲಾಕ್‌ನವರನ್ನ ಕೇಳಿ. ನಾನು ಕಾಯ್ತೀನಿ."

ಆತ ನಿಂತೇ ಕಾದ. ಹನ್ನೆರಡು ನಿಮಿಷ. ಕೊನೆಗೆ ಫೋನನ್ನು ಅಕ್ಕನ ಕೈಗೆ ಕೊಟ್ಟು, "ಕ್ಯಾಪ್ಟನ್ ಒಪ್ಪಿದ್ದಾರೆ. ಒಂದು ಹಲಗೆ ಹಾಕಿ, ಇಬ್ಬರು ಕೈ ಹಿಡಿದು ಹತ್ತಿಸ್ತಾರಂತೆ. ಆದ್ರೆ ಹಡಗು ಕಾಯಲ್ಲ," ಎಂದ. ಹೋಗುವಾಗ ತಿರುಗಿ, "ನೋಟೀಸಿಗೆ ಉತ್ತರ ಬರೀರಿ ಮೇಡಂ. ತಪ್ಪು ಮಾಡಿದ್ದನ್ನಷ್ಟೇ ಅಲ್ಲ, ಆಮೇಲೆ ಮಾಡಿದ್ದನ್ನೂ ಬರೀರಿ. ನವೀಕರಣದವರು ಅದನ್ನೇ ಓದೋದು," ಎಂದು ಸೇರಿಸಿದ. ಬಾಲ್ಕನಿ ಬಾಯಿ ತೆರೆದುಕೊಂಡು ನೋಡುತ್ತಿದ್ದ.

ಅಕ್ಕ ಹೋಟೆಲಿಗೆ ಫೋನ್ ಮಾಡಿ, ಏಳು ಗಂಟೆಗೆ ಗೋಡೆಯ ಕಡೆಯ ಮೇಲಂಗಳದಲ್ಲಿ ನಿಂತಿರಿ ಎಂದು ತಂಗಿಗೆ ಹೇಳಿಸಿದಳು. ವಿಮಾನ ನಿಲ್ದಾಣದ ಬಾಗಿಲಲ್ಲಿ ಕಾರು ಕಾಯುವ ಹಾಗೆ ಗೊತ್ತುಮಾಡಿದಳು. ಕಾರಿನ ಚಾಲಕನ ನಂಬರನ್ನು ಕಾಗದದ ಮೇಲೂ ಬರೆದುಕೊಂಡಳು. ಆಮೇಲೆ ಮಾಡುವುದಕ್ಕೆ ಏನೂ ಉಳಿಯಲಿಲ್ಲ, ಅದೇ ಕಷ್ಟವಾಯಿತು. ಐದು ಹೊಡೆಯಿತು, ಹಡಗು ಕಟ್ಟೆ ಬಿಟ್ಟಿತು. ಐದೂ ಹತ್ತಕ್ಕೆ ಚಾಲಕನ ಫೋನು: ಅಮ್ಮ ಸಿಕ್ಕರು, ಹೊರಟೆವು. ಆರು ಗಂಟೆಗೆ ಕಚೇರಿಯವರೆಲ್ಲ ಹೋದರು. ಬಾಲ್ಕನಿ ಹೋಗಲಿಲ್ಲ. ಷರತ್ತು ಸಾಹೇಬನೂ ಏನೋ ಕಡತ ಹುಡುಕುವವನ ಹಾಗೆ ಅಲ್ಲೇ ಸುಳಿಯುತ್ತಿದ್ದ.

ಏಳಕ್ಕೆ ಎಂಟು ನಿಮಿಷವಿದ್ದಾಗ ಚಾಲಕನ ಫೋನಿನಿಂದ ಟೇಲರಮ್ಮ ಮಾತಾಡಿದಳು. ಏದುಸಿರು ಬಿಡುತ್ತಿದ್ದಳು. ಅಕ್ಕ ಎಲ್ಲರಿಗೂ ಕೇಳುವ ಹಾಗೆ ಸ್ಪೀಕರ್ ಒತ್ತಿದಳು.

"ಗೋಡೆ ಮೇಲಿದೀನಿ ತಾಯಿ. ಇಲ್ಲಿ ಒಬ್ರು ನನ್ನ ತೋಳು ಹಿಡ್ಕೊಂಡು ನಿಂತಿದಾರೆ, ಬಿದ್ದುಬಿಡ್ತೀನಿ ಅಂತ."

"ಬಿಸಿಲಿದೆಯಾ ಅಮ್ಮಾ? ಬೆಳಕಿದೆಯಾ?"

"ಇದೆ, ಇದೆ. ನನ್ನ ಮುಖಕ್ಕೇ ಹೊಡೀತಿದೆ. ಹಡಗು ಬಂತು ತಾಯಿ! ಅಯ್ಯಯ್ಯಪ್ಪಾ, ಎಷ್ಟು ಕೆಳಗಿದೆ! ಬಾಗಿಲು ಮುಚ್ತಿದಾರೆ."

ನೀರಿನ ಭೋರ್ಗರೆತ ಫೋನಿನಲ್ಲಿ ತುಂಬಿಕೊಂಡಿತು. ಅಕ್ಕ ಕಣ್ಣು ಮುಚ್ಚಿ ಕೂತಿದ್ದಳು. ಬಾಲ್ಕನಿ ಆಕೆಯ ಕುರ್ಚಿಯ ಬೆನ್ನು ಹಿಡಿದು ಬಗ್ಗಿದ್ದ.

"ಏರ್ತಿದೆ... ತಲೆಗಳು ಕಾಣ್ತಿವೆ... ಅಲ್ಲಿದಾಳೆ! ನಾನು ಹೊಲಿದು ಕಳಿಸಿದ್ದು ಹಾಕ್ಕೊಂಡಿದಾಳೆ! ಆದ್ರೆ ಅವಳು ಆ ಕಡೆ ನೋಡ್ತಿದಾಳೆ ತಾಯಿ, ಆ ಕಡೆ. ಕಾಣ್ತಿಲ್ಲ ಅವಳಿಗೆ. ಏಯ್! ಇಲ್ಲಿ ಕಣೇ! ಇಲ್ಲಿ ನೋಡೇ!"

ನೀರಿನ ಸದ್ದು ಸಣ್ಣದಾಗುತ್ತಾ ಬಂತು. ಯಾರೋ "ಹುಷಾರು, ಹುಷಾರು" ಎಂದರು, ಹಲಗೆ ಕಿರುಗುಟ್ಟಿತು. ಚಾಲಕನ ಫೋನು ಇನ್ನೂ ಟೇಲರಮ್ಮನ ಕೈಯಲ್ಲೇ ಇತ್ತು, ಅದನ್ನು ಹಿಂದೆ ಕೊಡುವುದನ್ನು ಆಕೆ ಮರೆತೇಬಿಟ್ಟಿದ್ದಳು. ಹಾಗಾಗಿ ಆ ಕಚೇರಿಯ ಮೂವರಿಗೂ ಅದರೊಳಗಿಂದ ಇನ್ನೊಂದು ಹೆಂಗಸಿನ ದನಿ ಕೇಳಿಸಿತು, ತೀರಾ ಹತ್ತಿರದಿಂದ.

"ತಡಿ, ಅಲ್ಲಾಡ್ಬೇಡ. ಬಿಸಿಲಿಗೆ ತಿರುಗು. ಹಾಂ... ಹೀಗೆ." ಹಲಗೆ ಎಳೆದುಕೊಂಡ ಸದ್ದಾಯಿತು. "ಅಯ್ಯೋ ಅಕ್ಕಾ! ಇಷ್ಟು ಮುದುಕಿ ಆಗ್ಬಿಟ್ಟಿದೀಯಲ್ಲೇ!"

"ಕಾಣ್ತಿದೀನೇನೇ?" ಟೇಲರಮ್ಮನ ದನಿ ಒಡೆದಿತ್ತು. "ನಿಜವಾಗ್ಲೂ ಕಾಣ್ತಿದೀನಾ?"

"ಎಲ್ಲಾ ಕಾಣ್ತಿದೆ. ತಲೆ ಕೂಡ ಬಾಚ್ಕೊಂಡು ಬಂದಿಲ್ಲ ನೀನು."

ಅಕ್ಕ ಮೇಜಿನ ಮೇಲೆ ತಲೆಯಿಟ್ಟು ಅತ್ತಳು. ಅಷ್ಟು ದೊಡ್ಡ ಗಂಟಲಿನ ಹೆಂಗಸು ಅಳುವಾಗ ಸದ್ದೇ ಬರಲಿಲ್ಲ. ಷರತ್ತು ಸಾಹೇಬ ಕಡತ ಮುಚ್ಚಿ, ಎಲ್ಲ ಕೇಳಿಸಿಕೊಂಡಿದ್ದರೂ, ಹತ್ತಿದರೇ ಎಂದು ಕೇಳಿದ. ಬಾಲ್ಕನಿ ಹೌದೆಂದು ತಲೆಯಾಡಿಸಿದ.